ದೊರೆಯ ಅಂಗಾಲು, ಈರಕ್ಕನ ಕೆಂಡ

ಮೊದಲು ಒಂದು ಒಗಟು ಬಿಡಿಸು. ಕೆಳಗಿನ ಕೇರೀಲಿ ಮಡಕೆ ಬರಿದಾದ್ರೆ ಗುಡ್ಡದ ಮೇಲಿನ ಅರಮನೇಲಿ ಕುಣಿಯೋದು ಏನು? ಇಲಿ ಅಂದ್ಯಾ? ಅಲ್ಲ. ನವಿಲೂ ಅಲ್ಲ. ನಮ್ಮ ಮೇಷ್ಟ್ರಿಗೂ ಇದು ಬಿಡಿಸೋಕಾಗದೆ ನನ್ನನ್ನೇ ಬೆಂಚಿನ ಮೇಲೆ ನಿಲ್ಲಿಸಿದ್ರು. ಅಜ್ಜಿ ಹೇಳ್ತಿದ್ದ ಕತೆ ಕೇಳು, ತಾನಾಗೇ ಗೊತ್ತಾಗುತ್ತೆ. ದುಪ್ಪಟಿ ಹೊದ್ಕೊ ಚಿನ್ನಮ್ಮಿ, ಕಾಲು ಒದರಬೇಡ. ಕಾಲು ಒದರೋನ ಕತೇನೇ ಇದು.

ಒಂದಾನೊಂದು ಕಾಲದಲ್ಲಿ, ಬೆಂಕಿಪೊಟ್ಟಣ ಅನ್ನೋದು ಇನ್ನೂ ಹುಟ್ಟೇ ಇರದಾಗ, ಕೋಳಿಗುಡ್ಡ ಅನ್ನೋ ಊರಲ್ಲಿ ಸೂರನಾಯ್ಕ ಅಂತ ಒಬ್ಬ ದೊರೆ ಇದ್ದನಂತೆ, ಅವನ ಕಣಜದಲ್ಲಿ ಏಳು ವರ್ಷ ಕೂತು ತಿಂದ್ರೂ ಸವೆಯದಷ್ಟು ರಾಗಿ ಇತ್ತಂತೆ. ಒಂದಿನ ಅವನು ಊಟಕ್ಕೆ ಕೂತಿರುವಾಗ ಬಾಗಿಲಿಗೆ ಒಬ್ಬಳು ಮುದುಕಿ ಬಂದು, ಹಸಿವು ಕಣಪ್ಪಾ ಅಂದಳಂತೆ. ಇವನು ಮೂಳೆ ಚೀಪುತ್ತಾ, ನಮ್ಮೂರಲ್ಲಿ ಹಸಿವೇ ಇಲ್ಲ ಹೋಗಮ್ಮ, ನನ್ನ ಕಣ್ಣಿಗಂತೂ ಕಂಡಿಲ್ಲ ಅಂದನಂತೆ. ಮುದುಕಿ ಸುಮ್ಮನಿರ್ತಾಳಾ? ಕಣ್ಣಿಗೆ ಕಾಣದಿದ್ರೆ ಕಾಲಿಗೆ ಕಾಣಲಿ, ಈ ಊರಲ್ಲಿ ಒಂದು ಮನೆ ಮಡಕೆ ಬರಿದಾಗಿದ್ರೂ ನಿನ್ನ ಅಂಗಾಲು ಕಡೀಲಿ ಅಂತ ಶಾಪ ಕೊಟ್ಟು ಹೊರಟೇಹೋದಳಂತೆ.

ಶುರುವಾಯ್ತು ನೋಡು ಕಡಿತ. ಕೂತರೆ ಕಡಿತ, ನಿಂತರೆ ಕಡಿತ, ಗದ್ದುಗೆ ಏರಿದ್ರೆ ಕೆಳಕ್ಕೆ ಜಿಗಿತ. ಬೇವಿನೆಣ್ಣೆ ಹಚ್ಚಿದ್ರು, ಸಗಣಿ ಮೆತ್ತಿದ್ರು, ಕೊನೆಗೆ ಮೇಕೆ ಕೈಲಿ ಅಂಗಾಲು ನೆಕ್ಕಿಸಿದ್ರು, ಮೇಕೆಗೆ ಖುಷಿ ಆಯ್ತೇ ಹೊರತು ದೊರೆಗೇನೂ ಆಗಲಿಲ್ಲವಂತೆ. ಒಗಟು ಬಿಡಿಸಿದ್ಯಲ್ಲ ಈಗ? ಕುಣಿಯೋದು ದೊರೆ ಕಾಲು.

ಆಮೇಲೆ ಪ್ರಧಾನಿ ತಿಪ್ಪರಸ ಬಂದು, ಚಿಂತೆ ಬಿಡಿ ಬುದ್ಧಿ, ಹಸಿದೋರೆಲ್ಲ ಅರಮನೆ ಮುಂದೆ ಬಂದು ನಾನು ಬಡವ ಅಂತ ಮೂರು ಸಲ ಕೂಗಲಿ, ಕೂಗಿದೋರಿಗೆ ಒಂದು ಚೀಲ ರಾಗಿ ಅಂತ ತಮಟೆ ಹೊಡೆಸಿದನಂತೆ. ಗಂಟಲು ಗಟ್ಟಿ ಇದ್ದೋರೆಲ್ಲ ಬಂದ್ರು. ಎಣ್ಣೆ ಗಾಣದ ಯಜಮಾನ ಬಂದ, ಎರಡು ಜೋಡಿ ಎತ್ತು ಇದ್ದೋನು ಗಾಡಿ ಕಟ್ಕೊಂಡೇ ಬಂದ. ನಿಜವಾಗಿ ಹಸಿದೋರಿಗೆ ಕೂಗೋಕೆ ಉಸಿರೆಲ್ಲಿ, ಊರ ಮುಂದೆ ಕೂಗೋಕೆ ಮುಖವೆಲ್ಲಿ? ಕಡಿತ ಮೊಣಕಾಲಿಗೆ ಏರಿತಂತೆ.

ಆಮೇಲೆ ದೊರೆ, ಥೂ ನಿಮ್ಮ, ನಾನೇ ನೋಡ್ತೀನಿ ಅಂತ ಬೆಳಿಗ್ಗೆ ಕೋಟೆ ಗೋಡೆ ಹತ್ತಿ, ಯಾವ ಮನೆ ಸೂರಲ್ಲಿ ಹೊಗೆ ಇಲ್ಲವೋ ಅಲ್ಲಿಗೆ ರಾಗಿ ಕಳಿಸಿದನಂತೆ. ಆ ಮನೆಯೋರು ನೆಂಟರ ಮದುವೆಗೆ ಹೋಗಿದ್ರು, ಚೀಲ ಬಿಚ್ಚಿ ಕತ್ತೆಗಳು ತಿಂದವು. ಇತ್ತ ಕೆಳಗಿನ ಕೇರೀಲಿ ಗಂಡ ಸತ್ತ ದುಗ್ಗಮ್ಮ ಅಂತ ಇದ್ದಳು, ಮೂರು ಮಕ್ಕಳ ತಾಯಿ, ನೆರೆಯೋರಿಗೆ ಗೊತ್ತಾಗಬಾರದು ಅಂತ ಬರೀ ನೀರಿಟ್ಟು ಒಲೆ ಹಚ್ತಿದ್ದಳಂತೆ. ಸೂರಲ್ಲಿ ದಟ್ಟ ಹೊಗೆ. ದೊರೆ ಅದನ್ನ ನೋಡಿ, ಆಹಾ, ಅಲ್ಲಿ ಹಬ್ಬದ ಅಡಿಗೆ ಅಂದನಂತೆ. ಅಂದಿದ್ದೇ ತಡ, ಕಡಿತ ಸೊಂಟಕ್ಕೆ ಬಂತಂತೆ. ದುಗ್ಗಮ್ಮನ ಕೊನೆ ಮಗುವಿಗೆ ಅಳೋ ಶಕ್ತಿಯೂ ಹೋಗಿತ್ತಂತೆ.

ಆಮೇಲೆ ಮೂರನೇ ಸಲ. ಕೆಳಗಿನ ಕೇರೀಲಿ ಕೆಂಡದ ಈರಕ್ಕ ಅಂತ ಒಬ್ಬಳು. ಅವಳ ಒಲೆ ಆರಿದ್ದೇ ಇಲ್ಲ, ಕೇರಿಯೋರೆಲ್ಲ ಬೆಳಿಗ್ಗೆ ಕರಟ ಹಿಡ್ಕೊಂಡು ಅವಳ ಹತ್ರಾನೇ ಕೆಂಡಕ್ಕೆ ಬರೋರು. ದೊರೆ ಕುಂಟುತ್ತಾ ಕುಣಿಯುತ್ತಾ ಅವಳ ಮನೆಗೇ ಬಂದು, ಅವ್ವಾ, ಹಸಿದ ಮನೆ ಯಾವುದು ಅಂತ ನಿನಗೆ ಗೊತ್ತಾ ಅಂದನಂತೆ. ಗೊತ್ತಿಲ್ದೆ ಏನಪ್ಪಾ, ಹಿಟ್ಟಿರೋಳು ಕೆಂಡ ಆರಿಹೋಗುತ್ತೆ ಅಂತ ಓಡ್ತಾಳೆ, ಹಿಟ್ಟಿಲ್ಲದೋಳು ನಿಧಾನಕ್ಕೆ ನಡೀತಾಳೆ, ನಾನು ಕಾಲು ನೋಡೇ ಹೇಳ್ತೀನಿ ಅಂದಳಂತೆ. ಯಾರು ಹೇಳು ಮತ್ತೆ ಅಂದ್ರೆ, ಹೆಸರು ಹೇಳಲ್ಲ, ನಾಲ್ಕು ಚೀಲ ರಾಗಿ ಹಾಕಿಸು, ತಲುಪಿಸ್ತೀನಿ ಅಂದಳಂತೆ.

ತಿಪ್ಪರಸನಿಗೆ ಹೊಟ್ಟೆ ಉರಿ. ಹೆಸರಿಲ್ಲ, ಹೆಬ್ಬೆಟ್ಟಿಲ್ಲ, ಈ ಕೆಂಡದೋಳು ತಾನೇ ತಿಂದುಬಿಟ್ರೆ ಅಂದನಂತೆ. ಈರಕ್ಕ ಸೊಂಟದ ಮೇಲೆ ಕೈ ಇಟ್ಟು, ತಿಂದ್ರೆ ನಾಳೆ ಬೆಳಿಗ್ಗೆ ಕೆಂಡಕ್ಕೆ ಬರೋ ಮೂವತ್ತು ಹೆಂಗಸರು ನನ್ನ ಮುಖ ನೋಡ್ತಾರಲ್ಲೋ, ನಿನ್ನ ಮುಖ ಯಾರು ನೋಡ್ತಾರೆ ಹೇಳು ಅಂದಳಂತೆ. ತಿಪ್ಪರಸ ಮೀಸೆ ತಿರುವೋಕೆ ಹೋಗಿ ಕೈ ಇಳಿಸಿದನಂತೆ.

ದೊರೆ, ನಂಬ್ತೀನಿ ಕಣವ್ವಾ ಅಂದ, ರಾಗಿ ಬಂತು. ಈರಕ್ಕ ದುಗ್ಗಮ್ಮನ ಮನೆಗೆ ಹೋಗಿ, ನೋಡೇ, ನನ್ನ ರಟ್ಟೆ ಬಿದ್ದುಹೋಗಿದೆ, ಇದಿಷ್ಟು ರಾಗಿ ಬೀಸಿಕೊಡು, ಅರ್ಧ ಹಿಟ್ಟು ನಿನಗೇ ಅಂದಳಂತೆ. ದುಗ್ಗಮ್ಮ ಇನ್ನೇನು ಚೀಲಕ್ಕೆ ಕೈ ಹಾಕಬೇಕು, ಅಷ್ಟರಲ್ಲಿ ಬೇಲಿ ಹಿಂದೆ ಈಟಿ ಹಿಡಿದ ಭಟ ಆಕ್ಷೀ ಅಂತ ಸೀನಿದನಂತೆ. ಕಳಿಸಿದ್ದು ಯಾರು? ದೊರೆಯೇ! ನಂಬ್ತೀನಿ ಅಂದ ಬಾಯಲ್ಲೇ, ಸುಮ್ಮನೆ ನೋಡ್ಕೊಂಡು ಬಾ ಅಂದಿದ್ದ. ದುಗ್ಗಮ್ಮ ಕೆಂಪಗಾಗಿ, ನಮ್ಮನೇಲಿ ಬೇಕಾದಷ್ಟಿದೆ ತಗೊಂಡು ಹೋಗಕ್ಕಾ ಅಂತ ಬಾಗಿಲು ಹಾಕ್ಕೊಂಡಳಂತೆ.

ದೊರೆಗೆ ಕಡಿತ ಕಿವಿವರೆಗೂ ಬಂತು. ಈರಕ್ಕ ಚೀಲ ಎಳ್ಕೊಂಡು ಬಂದು ಗದ್ದುಗೆ ಮುಂದೆ ಕೆಡವಿ, ನಿನ್ನ ರಾಗಿ ನೀನೇ ಇಟ್ಕೊ, ಆ ಮಗು ಇವತ್ತೂ ನೀರು ಕುಡಿದು ಮಲಗುತ್ತೆ, ಕೊಡೋದಿದ್ರೆ ಕೊಟ್ಟು ಬೆನ್ನು ತಿರುಗಿಸು ಅಂದಳಂತೆ.

ಪಾಪ, ದೊರೆ ನಿಜವಾಗಿ ಅತ್ತನಂತೆ. ಆಮೇಲೆ ಭಟರನ್ನೆಲ್ಲ ಕೋಟೆಯೊಳಗೆ ಕರೆಸಿ, ಕೆಳಗಿನ ಕೇರಿ ಕಡೆ ಇದ್ದ ಕಿಟಕಿ ತಾನೇ ಮುಚ್ಚಿ, ಕಣಜದ ಬೀಗದ ಕೈ ಈರಕ್ಕನ ಸೆರಗಿಗೆ ಕಟ್ಟಿದನಂತೆ. ಅವಳು, ನನಗೆ ನನ್ನ ಕೇರಿಯಷ್ಟೇ ಗೊತ್ತು, ಮೇಲಿನ ಕೇರಿಗೆ ಬಟ್ಟೆ ಒಗೆಯೋ ಮುದ್ದಯ್ಯನ್ನ ಕೇಳು, ಕೋಟೆ ಕೇರಿಗೆ ಸೂಲಗಿತ್ತಿ ಭೀಮವ್ವನ್ನ ಕೇಳು ಅಂದಳಂತೆ. ಮೂರು ಕೇರಿಗೂ ರಾಗಿ ಹೋಯ್ತು. ಯಾರಿಗೆ ಹೋಯ್ತು ಅಂತ ದೊರೆ ಕೇಳಲಿಲ್ಲ. ಕೇಳಬೇಕು ಅಂತ ನಾಲಿಗೆ ತುದಿಗೆ ಬರೋದು, ನುಂಗ್ಕೊಳ್ಳೋನು.

ಮಾರನೆ ಬೆಳಿಗ್ಗೆ ದುಗ್ಗಮ್ಮ ಕರಟದಲ್ಲಿ ಕೆಂಡ ತಗೊಂಡು ಓಡಿದಳಂತೆ, ಸೆರಗು ಹಾರಿಸ್ಕೊಂಡು, ಕೋಳಿಗಳೆಲ್ಲ ಚೆಲ್ಲಾಪಿಲ್ಲಿ ಆಗೋ ಹಾಗೆ ಓಡಿದಳಂತೆ. ಅದೇ ಹೊತ್ತಿಗೆ ಮೇಲೆ ದೊರೆ ಕಡಿತ ನಿಂತು, ಗದ್ದುಗೆ ಮೇಲೆ ಕಾಲು ಚಾಚಿ ಗೊರಕೆ ಹೊಡೆದನಂತೆ. ಎಲ್ಲರೂ ಮುದ್ದೆ ನುಂಗಿ ಸುಖವಾಗಿದ್ರಂತೆ. ಕತೆ ಮಲಗಿತು, ನೀನೂ ಮಲಗು.

ಇನ್ನೂ ಕಣ್ಣು ಬಿಟ್ಟಿದ್ದೀಯಾ? ಸರಿ, ನಿಜ ಹೇಳ್ತೀನಿ, ಅಮ್ಮನಿಗೆ ಹೇಳಬೇಡ. ಆ ಕಡಿತ ನಿಂತಿದ್ದು, ಗೊರಕೆ, ಅದೆಲ್ಲ ನಾನು ಕಟ್ಟಿದ್ದು. ಅಜ್ಜಿ ಈ ಕತೆ ಒಂದ್ಸಲವೂ ಮುಗಿಸಲಿಲ್ಲ. ದೊರೆ ಕಿಟಕಿ ಮುಚ್ಚಿದ ಅನ್ನೋಷ್ಟರಲ್ಲಿ ತನ್ನ ಅಂಗಾಲು ಪರಪರ ಕೆರ್ಕೊಂಡು, ಇರು ಮಗಾ ಬಂದೆ ಅಂತ ಎದ್ದು, ಸೆರಗಿನೊಳಗೆ ಏನೋ ಮುಚ್ಕೊಂಡು ಹಿತ್ತಲ ಬಾಗಿಲಿಂದ ಹೋಗ್ತಿದ್ದಳು. ಊರಲ್ಲಿ ಎಲ್ಲರ ಹಿಂದೆ ಬೆಕ್ಕಿನ ಹಾಗೆ ಹೋಗಿ ನೋಡಿದೋನು ನಾನು, ಅವಳ ಹಿಂದೆ ಮಾತ್ರ ಒಂದಿನವೂ ಹೋಗಲಿಲ್ಲ.

ಕತೆ ಮುಗೀತು. ಈಗ್ಯಾಕೆ ನಿನ್ನ ಅಂಗಾಲು ಕೆರ್ಕೊಳ್ತಿದ್ದೀಯೇ?