ಜಿಂಕೆ ಇದ್ದ ಪೆಟ್ಟಿಗೆ

ಹೊಳೆಯ ದಡದಲ್ಲೊಂದು ಆಶ್ರಮ. ಅಲ್ಲಿನ ಶಿಷ್ಯ ತ್ರ್ಯಂಬಕ ಮಹಾ ಅನುಮಾನದ ಪ್ರಾಣಿ. ಹಾಲು ಕೊಟ್ಟರೆ ನೀರೆಷ್ಟು ಬೆರೆಸಿದ್ದಾರೆ ಅಂತ ನೋಡುವವನು, ನೀರು ಕೊಟ್ಟರೆ ಯಾಕೆ ಕೊಟ್ಟರು ಅಂತ ಯೋಚಿಸುವವನು.

ಒಂದು ಬೆಳಗ್ಗೆ ಗಂಟು ಕಟ್ಟಿಕೊಂಡು ಗುರುಗಳ ಮುಂದೆ ನಿಂತ.

“ಗುರುಗಳೇ, ದೀಕ್ಷೆ ಕೊಡ್ತೀರೋ ಇಲ್ಲವೋ ಇವತ್ತೇ ಹೇಳಿಬಿಡಿ. ಇಲ್ಲವಾದರೆ ನಾನು ಹೊರಟೆ. ಸೌದೆ ಒಡೆಯೋಕೆ, ನೀರು ಹೊರೋಕೆ ಮಾತ್ರ ನನ್ನನ್ನು ಇಟ್ಟುಕೊಂಡಿದ್ದೀರಿ ಅನ್ನಿಸ್ತಿದೆ. ನಿಮ್ಮನ್ನು ಹೇಗೆ ನಂಬಲಿ?”

ಬೇರೆ ಯಾರಾದರೂ ಆಗಿದ್ದರೆ ಕೆನ್ನೆಗೆ ಬಾರಿಸುತ್ತಿದ್ದರು. ಗುರುಗಳು ಅವನನ್ನು ಪಡಸಾಲೆಗೆ ಕರೆದುಕೊಂಡು ಹೋದರು. ಅಲ್ಲಿ ಭಕ್ತರೊಬ್ಬರು ಮಕ್ಕಳಿಗೆಂದು ಬಿಟ್ಟುಹೋದ ಹಳೇ ಟಿವಿ, ವಿಡಿಯೋ ಗೇಮ್ ಇದ್ದವು.

“ಈ ಆಟದಲ್ಲಿ ಒಬ್ಬ ಓಡ್ತಾನೆ, ಹಾರ್ತಾನೆ. ಅವನನ್ನು ಕೊನೆಯ ಬಾವುಟದ ತನಕ ಮುಟ್ಟಿಸು. ಆಮೇಲೆ ಮಾತಾಡೋಣ.”

ತ್ರ್ಯಂಬಕ ಆಡಲು ಕೂತ. ದಾರಿಯಲ್ಲೊಂದು ಮರದ ಪೆಟ್ಟಿಗೆ ಬಂತು, ಅದರ ಮೇಲೆ ಜಿಂಕೆಯ ಚಿತ್ರವಿತ್ತು.

“ಅದನ್ನು ಒಡೆದರೆ ಜಿಂಕೆ ಬರುತ್ತೆ. ಹತ್ತಿ ಸವಾರಿ ಮಾಡಬಹುದು,” ಅಂದರು ಗುರುಗಳು.

“ಪುಕ್ಕಟೆ ಸವಾರಿ ಯಾರು ಕೊಡ್ತಾರೆ? ಇದರಲ್ಲೇನೋ ಮಸಲತ್ತಿದೆ.”

ಪುಕ್ಕಟೆ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಅನ್ನುವ ಕಾಲದಲ್ಲಿ ಇವನೊಬ್ಬ ಹೀಗೆ. ಪೆಟ್ಟಿಗೆಯನ್ನು ದಾಟಿ ಮುಂದೆ ಹೋದ. ಮುಂದೆ ದೊಡ್ಡ ಕಂದಕ. ಹಾರಿದ, ಬಿದ್ದ. ಆಟ ಮೊದಲಿಂದ ಶುರುವಾಯಿತು. ಮತ್ತೆ ಹಾರಿದ, ಮತ್ತೆ ಬಿದ್ದ.

ಕೊನೆಗೆ ಒಲ್ಲದ ಮನಸ್ಸಿನಿಂದ ಪೆಟ್ಟಿಗೆ ಒಡೆದ. ಜಿಂಕೆ ಹೊರಗೆ ಬಂದು ಬೆನ್ನು ಕೊಟ್ಟಿತು. ಹತ್ತಿದ ಮೇಲೂ ಅವನಿಗೆ ನಂಬಿಕೆಯಿಲ್ಲ. ಎಲ್ಲಿ ಕೆಡವುತ್ತೋ ಅಂತ ದಾರಿ ಬಿಟ್ಟು ಜಿಂಕೆಯನ್ನೇ ನೋಡುತ್ತಿದ್ದ. ಅದು ಮುಳ್ಳು ದಾಟಿಸಿತು, ಬೆಂಕಿ ದಾಟಿಸಿತು, ಕಂದಕದ ಮೇಲೆ ನೆಗೆಯಿತು.

ಆಚೆ ದಡ ಇನ್ನೇನು ಸಿಕ್ಕಿತು ಅನ್ನುವಾಗ ತ್ರ್ಯಂಬಕ ಬಟನ್ ಒತ್ತಿದ. ಆಟದವನು ಜಿಂಕೆಯ ಬೆನ್ನು ಮೆಟ್ಟಿ ದಡಕ್ಕೆ ಹಾರಿಕೊಂಡ. ಜಿಂಕೆ ಕಂದಕಕ್ಕೆ ಬಿತ್ತು. ಬಾವುಟ ಸಿಕ್ಕಿತು, ವಾದ್ಯ ಮೊಳಗಿತು.

“ಗೆದ್ದೆ, ಗುರುಗಳೇ.”

“ಜಿಂಕೆ ಎಲ್ಲಪ್ಪ?”

“ನಾನೇನು ಬೇಕಂತ ತಳ್ಳಲಿಲ್ಲ,” ಅಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗಾಯಿತು. “ಅದು ದಡ ಮುಟ್ಟುತ್ತೋ ಇಲ್ಲವೋ ಅಂತ ಅನುಮಾನ ಬಂತು.”

“ಮುಟ್ಟುತ್ತಿರಲಿಲ್ಲವಾ?”

ತ್ರ್ಯಂಬಕ ಪರದೆ ನೋಡಿದ. “ಮುಟ್ಟುತ್ತಿತ್ತೋ ಏನೋ.”

ಹೇಳಿದವನಿಗೇ ನಾಚಿಕೆಯಾಯಿತು. ಆದರೂ ಕೇಳದೆ ಇರಲಾಗಲಿಲ್ಲ.

“ಹಾಗಾದರೆ ನನ್ನ ದೀಕ್ಷೆ?”

ಗುರುಗಳು ಅವನ ಗಂಟನ್ನು ಎತ್ತಿಕೊಂಡು ಹೋಗಿ, ತಮ್ಮ ಜೋಳಿಗೆಯ ಪಕ್ಕದ ಗೂಟಕ್ಕೆ ನೇತುಹಾಕಿದರು.

“ನಿಮ್ಮನ್ನು ಹೇಗೆ ನಂಬಲಿ ಅಂತ ಕೇಳಿದೆಯಲ್ಲ ಮಗು, ನಿನ್ನನ್ನು ಬೆನ್ನ ಮೇಲೆ ಹತ್ತಿಸಿಕೊಳ್ಳೋ ಮುಂಚೆ ಆ ಮಾತು ನಾನೂ ಕೇಳಬೇಡವಾ?”