ತಣ್ಣೀರಿಗೆ ಹೆದರಿದ ಹಂಡೆ

ತಾರಸಿಯ ಮೇಲೆ ಬಿಸಿಲಿನಲ್ಲಿ ನೀರು ಕಾಯಿಸುವ ಸೋಲಾರ್ ಹಂಡೆಯೊಂದಿತ್ತು. ಮೋಡ ಕಂಡರೆ ಸಾಕು, ಅದರ ಎದೆ ಡವಡವ ಎನ್ನುತ್ತಿತ್ತು. ಒಂದು ಬೆಳಿಗ್ಗೆ ಆಕಾಶವೆಲ್ಲ ಮುಸುಕಿದ್ದನ್ನು ಕಂಡು, ನಿನ್ನೆಯ ಬಿಸಿಯಾದರೂ ಉಳಿಯಲೆಂದು ಅದು ತಣ್ಣೀರು ಒಳಬರುವ ತನ್ನ ಕೆಳಬಾಯಿಯನ್ನು ಬಿಗಿಯಾಗಿ ಮುಚ್ಚಿಕೊಂಡಿತು.

ಕೊಳವೆಯಲ್ಲಿ ಬಂದ ತಣ್ಣೀರು, "ದಾರಿ ಬಿಡು" ಎಂದಿತು.

"ಬಿಡಲಾರೆ. ನೀನು ಒಳಗೆ ಬಂದರೆ ಇರುವ ಬಿಸಿಯೂ ಹಾಳು. ಇವತ್ತು ಬಿಸಿಲು ಬರದಿದ್ದರೆ ನನ್ನ ಗತಿಯೇನು?"

ಕೆಳಗೆ ಬಚ್ಚಲುಮನೆಯಲ್ಲಿ ಗಿರಿಜಮ್ಮ ಕಾಲು ನೀಡಿ ಕೂತು, ಎಣ್ಣೆ ಹಚ್ಚಿದ ಮೊಮ್ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಬಿಸಿನೀರಿನ ನಲ್ಲಿ ತಿರುಗಿಸಿದರು. ಒಂದು ಹನಿಯೂ ಬರಲಿಲ್ಲ.

"ಸುಮಿತ್ರಾ, ನೀರೇ ಬರ್ತಿಲ್ಲ ಕಣೇ! ಬೇಗ ಸೌದೆ ಒಲೆ ಹಚ್ಚು, ಕೂಸು ನಡುಗ್ತಿದೆ!" ಎಂದು ಸೊಸೆಯನ್ನು ಕೂಗಿದರು.

ಹಂಡೆ ಕಂಗಾಲಾಯಿತು. "ಬಿಸಿನೀರೇ, ಇಳಿ! ಯಾಕೆ ಇಳಿಯುತ್ತಿಲ್ಲ?"

"ಕೆಳಗಿನಿಂದ ನಾನು ತುಂಬಿಕೊಂಡು ತಳ್ಳಿದರೆ ತಾನೆ ಮೇಲಿರುವ ಬಿಸಿನೀರು ಹೊರಗೆ ಹೋಗುವುದು?" ಎಂದಿತು ತಣ್ಣೀರು.

ಮಗುವಿನ ಅಳು ತಾರಕಕ್ಕೇರಿತು. ಹಂಡೆ ಜೀವ ಕೈಯಲ್ಲಿ ಹಿಡಿದುಕೊಂಡು ಬಾಯಿ ತೆರೆಯಿತು. ತಣ್ಣೀರು ಒಳಗೆ ನುಗ್ಗಿತು. ಕೆಳಗೆ ಬಕೆಟ್ಟಿಗೆ ಬಿಸಿನೀರು ಸುರಿಯಿತು. ಸ್ವಲ್ಪ ಹೊತ್ತಿಗೆ ಅಳು ನಿಂತಿತು. ಹಂಡೆಯ ಹೊಟ್ಟೆ ಮಾತ್ರ ತಣ್ಣಗಾಗುತ್ತ ಬಂತು.

"ನನ್ನದೆಲ್ಲ ಹೋಯಿತು" ಎಂದು ಅದು ನಡುಗಿತು.

"ನಿನ್ನದು ಯಾವುದು?" ಎಂದಿತು ತಣ್ಣೀರು. "ಈಗ ಮಗುವಿನ ಮೈ ಬೆಚ್ಚಗೆ ಮಾಡುತ್ತಿರುವುದು, ನಿನ್ನೆ ನೀನು ಒಳಗೆ ಬಿಟ್ಟುಕೊಂಡ ತಣ್ಣೀರೇ."

ಹಂಡೆ ಮತ್ತೆ ಮೋಡದ ಕಡೆ ನೋಡಿತು. ದಿಗಿಲು ಹೋಗಲಿಲ್ಲ, ಆದರೆ ಬಾಯಿ ಮುಚ್ಚಲಿಲ್ಲ.