ಎಡಕ್ಕೆ ಸುತ್ತಿದ ನೂಲು

ಬಾಣ ಬೇಕೆಂದು ಯಾರೇ ಬರಲಿ, ಪಾಲಜ್ಜ ಮೊದಲು ಕೇಳುತ್ತಿದ್ದದ್ದು ಒಂದೇ ಮಾತು.

"ಯಾವುದಕ್ಕೆ?"

ಹಂದಿಗೆ ಎಂದರೆ, ಯಾರ ಹೊಲಕ್ಕೆ ಬಂದ ಹಂದಿ ಎನ್ನುತ್ತಿದ್ದ. ಕಾವಲಿಗೆ ಎಂದರೆ, ಯಾರನ್ನು ಯಾರಿಂದ ಕಾಯೋದು ಎನ್ನುತ್ತಿದ್ದ. ಉತ್ತರ ಮನಸ್ಸಿಗೆ ಬಾರದಿದ್ದರೆ ಮಜ್ಜಿಗೆ ಕುಡಿಸಿ ಬರಿಗೈಯಲ್ಲಿ ಕಳಿಸುತ್ತಿದ್ದ. ಬಾಣ ಕೇಳಿದರೆ ಪುರಾಣ ಕೇಳ್ತಾನೆ ಮುದುಕ ಎಂದು ಜನ ಗೊಣಗಿಕೊಂಡೇ ಹೊಳೆ ದಾಟುತ್ತಿದ್ದರು.

ಬೇಟೆಯಲ್ಲಿ ಜಗಳ ಬಿದ್ದಾಗ ಮಾತ್ರ ಅದೇ ಜನ ಅವನ ಹತ್ತಿರವೇ ಓಡಿ ಬರಬೇಕು. ಸತ್ತ ಮಿಗದ ಮೈಯಲ್ಲಿ ಇಬ್ಬರ ಬಾಣ. ಎದೆಗೆ ತಾಗಿದ್ದು ಯಾರದು, ಮೊದಲ ಪಾಲು ಯಾರಿಗೆ? ಪಾಲಜ್ಜ ಬಾಣವನ್ನು ಬೆರಳಲ್ಲಿ ತಿರುಗಿಸಿ, ಇದು ಇಂಥವನು ಮಾಡಿದ್ದು, ಇಷ್ಟು ಮಳೆಗಾಲ ಕಂಡದ್ದು ಎನ್ನುತ್ತಿದ್ದ. ಆಮೇಲೆ ಯಾರೂ ತುಟಿ ಬಿಚ್ಚುತ್ತಿರಲಿಲ್ಲ.

ಈಗ ಅವನ ಕಣ್ಣಿಗೆ ಪೊರೆ ಬಂದಿತ್ತು. ಹಾಗಾಗಿ ವಿದ್ಯೆಯನ್ನು ಬೋರಕ್ಕನಿಗೆ ಕಲಿಸುತ್ತಿದ್ದ. ಗಂಡ ಸತ್ತ ಮೇಲೆ ಅವನ ಆಶ್ರಮಕ್ಕೆ ಬಂದು ಸೇರಿದ ಹೆಂಗಸು. ಆಶ್ರಮ ಎಂದರೆ ಹೊಳೆದಂಡೆಯ ಎರಡು ಗುಡಿಸಲು, ಒಂದು ಹೊಂಗೆಮರ, ಅಷ್ಟೇ.

"ಬಾಣದಲ್ಲಿ ಮೊದಲು ಏನು ನೋಡ್ತೀಯ?" ಎಂದು ಅವನು ಶುರುವಿಗೇ ಕೇಳಿದ್ದ.

"ಮೊನೆ."

"ಮೊನೆ ಕಮ್ಮಾರನದು."

"ಹಾಗಾದರೆ ಕೋಲು."

"ಕೋಲು ಕಾಡಿನದು."

"ಮತ್ತೆ ಉಳಿದದ್ದೇನು ಅಜ್ಜ?"

"ಗರಿ ಕಟ್ಟಿದ ನೂಲು. ಮಾಡಿದವನು ಸಿಕ್ಕಿಬೀಳೋದು ಅಲ್ಲೇ."

ವಯಸ್ಸು ಅರಗಿನಲ್ಲಿ ಇರುತ್ತದೆ ಎಂದೂ ಹೇಳಿಕೊಟ್ಟ. ನೂಲಿನ ಮೇಲೆ ಸವರಿದ ಅರಗು ಹೊಸದರಲ್ಲಿ ಕೆಂಪು, ಬರುಬರುತ್ತಾ ಹಳೇ ಹುಣಸೆಹಣ್ಣಿನ ಹಾಗೆ ಕಪ್ಪು.

ಎಲ್ಲರೂ ನೂಲನ್ನು ಬಲಕ್ಕೆ ಸುತ್ತುತ್ತಾರೆ. ಎಡಗೈಯವನಾದ ಪಾಲಜ್ಜ ಒಬ್ಬನೇ ಎಡಕ್ಕೆ. ಅವನ ಎಡ ಹೆಬ್ಬೆರಳಿನ ತುದಿಯನ್ನು ಹಿಂದೆ ಯಾವಾಗಲೋ ಕರಡಿ ಕಚ್ಚಿ ತೆಗೆದಿತ್ತು. ಹಾಗಾಗಿ ಅವನ ಸುತ್ತು ಗಂಟಿನ ಹತ್ತಿರ ಬಿಗಿಯಾಗದೆ ಚೂರು ಸಂದು ಬಿಡುತ್ತಿತ್ತು. ಬೋರಕ್ಕ ಆ ಸಂದನ್ನು ಕಣ್ಣುಮುಚ್ಚಿ ಮುಟ್ಟಿದರೂ ಗುರುತು ಹಿಡಿಯುತ್ತಿದ್ದಳು.

ಒಂದು ಮಧ್ಯಾಹ್ನ ಪಾಳೆಗಾರನ ದಳವಾಯಿ ಸವಾರರೊಂದಿಗೆ ಬಂದ. ಆ ದಳವಾಯಿ ಸುಮ್ಮನೆ ಯಾರ ಮನೆಗೂ ಬರುವವನಲ್ಲ.

ಅವನು ಬಟ್ಟೆಯ ಗಂಟು ಬಿಚ್ಚಿ ಒಂದು ಹಳೇ ಬಾಣ ತೆಗೆದ.

"ದೊರೆಯ ತಂದೆಯ ಎದೆಯಿಂದ ಕಿತ್ತದ್ದು ಇದು. ಆಗ ದೊರೆ ತೊಟ್ಟಿಲಲ್ಲಿದ್ದರು. ತಾಯಿ ಪೆಟ್ಟಿಗೆಯಲ್ಲಿ ಮುಚ್ಚಿಟ್ಟುಕೊಂಡಿದ್ದರು. ಮೊನ್ನೆ ಅವರು ತೀರಿಕೊಂಡ ಮೇಲೆ ಸಿಕ್ಕಿತು."

"ದೊರೆಗೆ ಏನು ಬೇಕಂತೆ?" ಎಂದ ಪಾಲಜ್ಜ.

"ಯಾರು ಮಾಡಿದ್ದು, ಯಾವಾಗ ಮಾಡಿದ್ದು. ಮಾಡಿದವನು ಯಾರಿಗೆ ಕೊಟ್ಟೆ ಅಂತ ಬಾಯಿ ಬಿಡಬೇಕು. ಬಿಡದಿದ್ದರೆ ಕೊಂದವನಿಗೆ ನೆಟ್ಟ ಶೂಲ ಅವನಿಗೇ."

"ನನಗೆ ಕಣ್ಣು ಕಾಣಲ್ಲ. ಬೋರಕ್ಕ ನೋಡ್ತಾಳೆ."

ಬೋರಕ್ಕ ಬಾಣವನ್ನು ಬೆಳಕಿಗೆ ಹಿಡಿದಳು. ಗರಿಯನ್ನು ಹುಳ ತಿಂದಿತ್ತು. ಅರಗು ಕಪ್ಪಾಗಿತ್ತು. ನೂಲಿನ ಸುತ್ತು ಎಡಕ್ಕಿತ್ತು.

ಗಂಟಿನ ಹತ್ತಿರ ಸಂದು ಹುಡುಕಿದಳು. ಇರಲಿಲ್ಲ. ಸದ್ಯ, ಅಜ್ಜನದಲ್ಲ ಎಂದು ಉಸಿರು ಬಿಡುವಷ್ಟರಲ್ಲಿ ಕರಡಿಯ ನೆನಪಾಯಿತು. ಕರಡಿ ಕಚ್ಚುವ ಮೊದಲು ಅಜ್ಜನಿಗೆ ಹೆಬ್ಬೆರಳು ಪೂರ್ತಿ ಇತ್ತಲ್ಲ. ಆಗ ಸಂದು ಎಲ್ಲಿಂದ ಬರಬೇಕು?

"ಯಾಕೆ ನಡುಗ್ತೀಯ?" ಎಂದ ದಳವಾಯಿ.

"ಹೆಣದಿಂದ ಕಿತ್ತದ್ದು ಅಂದಿರಲ್ಲ ಸ್ವಾಮಿ."

"ಯಾರದು ಹೇಳು."

"ಓಬಣ್ಣನದು. ಆಚೆ ಹಟ್ಟಿಯವನು. ಅವನು ಸತ್ತು ಬಹಳ ಕಾಲ ಆಯಿತು."

ಸತ್ತವನನ್ನು ಯಾರೂ ಶೂಲಕ್ಕೆ ಹಾಕಲಾರರು. ಅವಳು ಯೋಚಿಸಿದ್ದು ಇಷ್ಟೇ.

ದಳವಾಯಿ ಸವಾರರ ಕಡೆ ತಿರುಗಿದ. "ಓಬಣ್ಣನಿಗೆ ಮಕ್ಕಳು?"

"ಒಬ್ಬ ಮಗ ಇದ್ದಾನೆ, ಸಣ್ಣೋಬ. ಕುರಿ ಸಾಕಿಕೊಂಡಿದ್ದಾನೆ," ಎಂದ ಒಬ್ಬ. "ಹೆಂಡತಿ ಹಸಿ ಬಾಣಂತಿ."

"ಅಪ್ಪ ಯಾರಿಗೆ ಕೊಟ್ಟ ಅಂತ ಮಗ ಹೇಳಲಿ. ಹೇಳದಿದ್ದರೆ ಅವನ ಹಣೆಬರಹ. ಎಳೆದು ತನ್ನಿ."

ಸವಾರರು ಕುದುರೆ ತಿರುಗಿಸಿದರು.

ಬೋರಕ್ಕ ಬಾಯಿ ತೆರೆದರೆ ಅಜ್ಜ ಹೋಗುತ್ತಾನೆ. ಮುಚ್ಚಿದರೆ ಸಣ್ಣೋಬ ಹೋಗುತ್ತಾನೆ. ಮುಚ್ಚಿಕೊಂಡೇ ನಿಂತಳು.

"ಕುದುರೆ ನಿಲ್ಲಿಸಿ," ಎಂದ ಪಾಲಜ್ಜ. "ಬಾಣ ಇಲ್ಲಿ ಕೊಡು ತಾಯಿ."

"ಬೇಡ ಅಜ್ಜ. ನಾನು ನೋಡಿ ಆಯಿತಲ್ಲ."

"ಕೊಡು."

ಅವಳು ಬಿಡಲಿಲ್ಲ. ದಳವಾಯಿಯೇ ಕಿತ್ತು ಮುದುಕನ ಕೈಗಿಟ್ಟ.

ಪಾಲಜ್ಜನ ಬೆರಳು ಕೋಲಿನ ಮೇಲೆ ಹರಿದು, ಗರಿ ದಾಟಿ, ನೂಲಿನ ಮೇಲೆ ಬಂದು ನಿಂತಿತು. ನಿಂತದ್ದು ಬಹಳ ಹೊತ್ತು ಏಳಲಿಲ್ಲ.

ಅವನಿಗೂ ಗೊತ್ತಾಯಿತು ಎಂದು ಬೋರಕ್ಕನಿಗೆ ತಿಳಿಯಿತು. ದೇವರೇ, ಅಜ್ಜ ಸುಮ್ಮನಿರಲಿ ಎಂದು ಬೇಡಿಕೊಂಡಳು. ಹಾಗೆ ಬೇಡಿಕೊಂಡದ್ದಕ್ಕೇ ಆಮೇಲೆ ಹೆದರಿದಳು.

"ಒಂದು ಕಡ್ಡಿ ತಾ. ನೂಲು ತಾ," ಎಂದ ಪಾಲಜ್ಜ.

ತಂದು ಕೊಟ್ಟಳು. ಅವನು ಎಲ್ಲರ ಮುಂದೆ ಕೂತು ನೂಲು ಸುತ್ತಿದ. ಸುತ್ತಿ ಮುಗಿಸಿ ಗಂಟು ಹಾಕಿ ಕಡ್ಡಿಯನ್ನೂ ಬಾಣವನ್ನೂ ಒಟ್ಟಿಗೆ ಚಾಚಿದ.

"ನೋಡಿ. ಎರಡೂ ಎಡಕ್ಕೆ. ಈ ಸೀಮೆಯಲ್ಲಿ ಎಡಕ್ಕೆ ಸುತ್ತಿದವನು ನಾನೊಬ್ಬನೇ."

ದಳವಾಯಿ ಎರಡನ್ನೂ ಕಣ್ಣ ಹತ್ತಿರ ತಂದುಕೊಂಡ.

"ನೀನು ಈಗ ಸುತ್ತಿದ್ದರಲ್ಲಿ ಸಂದು ಇದೆ. ಬಾಣದಲ್ಲಿ ಇಲ್ಲ."

ಪಾಲಜ್ಜ ಮೊಂಡು ಹೆಬ್ಬೆರಳನ್ನು ಎತ್ತಿ ತೋರಿಸಿದ.

"ಇದನ್ನು ಕರಡಿ ತಿನ್ನೋ ಮುಂಚಿನದು. ಓಬಣ್ಣನ ಮಗನನ್ನು ಬಿಟ್ಟುಬಿಡಿ. ಯಾರು ಅಂತ ಕೇಳಿದಿರಿ, ಯಾವಾಗ ಅಂತ ಕೇಳಿದಿರಿ. ಎರಡೂ ಹೇಳಿದೆ."

"ಯಾರಿಗೆ ಕೊಟ್ಟೆ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದರೆ ಏನಾಗುತ್ತೆ ಅಂತ ಗೊತ್ತಲ್ಲ?"

"ಗೊತ್ತು. ಅದಕ್ಕೇ ಭಯ ಆಗ್ತಾ ಇದೆ."

ದಳವಾಯಿ ಸವಾರರಿಗೆ ಕಣ್ಸನ್ನೆ ಮಾಡಿದ. ಅವರು ಹಗ್ಗ ತಂದು ಪಾಲಜ್ಜನ ಕೈ ಕಟ್ಟಿದರು.

ಬೋರಕ್ಕ ಅವನ ಕಾಲು ಹಿಡಿದುಕೊಂಡು ಕುಸಿದಳು. ಅಳು ಒತ್ತರಿಸಿ ಬಂತು.

"ನಿನ್ನ ಜೀವ ಉಳಿದರೆ ಸಾಕು ಅಂತ ಸುಳ್ಳು ಹೇಳಿಬಿಟ್ಟೆ ಅಜ್ಜ. ಅದು ಹೋಗಿ ಯಾರಿಗೆ ತಾಗುತ್ತೆ ಅಂತ ಯೋಚನೆನೇ ಮಾಡಲಿಲ್ಲ."

ಪಾಲಜ್ಜ ಬಗ್ಗಿ, ಕಟ್ಟಿದ ಕೈಗಳನ್ನೇ ಅವಳ ತಲೆಯ ಮೇಲಿಟ್ಟ.

"ಆ ಬಾಣ ಕೊಟ್ಟ ದಿನ ನಾನೂ ಯೋಚನೆ ಮಾಡಲಿಲ್ಲ, ತಾಯಿ."